ಕಪ್ಪೆ ಚೆನ್ನಿಗರಾಯನ ಗಂಧ

ಕ್ರೈಸ್ತ ಧರ್ಮಕ್ಕೂ ವಿಜ್ಞಾನಕ್ಕೂ ಎಣ್ಣೆ ಸೀಗೆಕಾಯಿ ಎಂಬ ಮಾತನ್ನು ವಾಚಕರು ಕೇಳಿಯೇ ಇರುತ್ತೀರಿ. ಆ ಮಾತು ಬಂದಾಗಲೆಲ್ಲ ಗೆಲಿಲಿಯೋನ ಹೆಸರು ಬರುತ್ತದೆ. ಭೂಮಿ ಸೂರ್ಯನನ್ನು ಸುತ್ತುತ್ತದೆಂದು ವಾದಿಸಿದ ತಪ್ಪಿಗೆ 1633ರಲ್ಲಿ ರೋಮಿನ ಧರ್ಮನ್ಯಾಯಾಲಯ ಆ ವೃದ್ಧನನ್ನು ಮಂಡಿಯೂರಿಸಿತು. ಆ ವಿಚಾರಣೆಯಲ್ಲಿ ತಪ್ಪಾಗಿತ್ತೆಂದು ಪೋಪ್ ಎರಡನೆಯ ಜಾನ್ ಪಾಲರು ಒಪ್ಪಿಕೊಂಡದ್ದು 1992ರಲ್ಲಿ. ಅಷ್ಟು ಹೊತ್ತಿಗೆ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟು ಇಪ್ಪತ್ತಮೂರು ವರ್ಷಗಳಾಗಿದ್ದವು. ಗೆಲಿಲಿಯೋನ ಅನಂತರ ಡಾರ್ವಿನ್ನನ ಹೆಸರು ಬರುತ್ತದೆ. ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಎಲ್ಲರೂ ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಇವೆಲ್ಲ ದೂರದ ಊರಿನ ವ್ಯಾಜ್ಯಗಳು. ನಮಗೂ ಅವಕ್ಕೂ ಏನು ಸಂಬಂಧವೆಂದು ನಾನೂ ಭಾವಿಸಿದ್ದೆ. ಮೊನ್ನೆ ಅರಸೀಕೆರೆಯಿಂದ ಬೇಲೂರಿಗೆ ಹೋದ ದಿನ ಆ ಭಾವನೆ ಉಳಿಯಲಿಲ್ಲ.

ಅರಸೀಕೆರೆಯ ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒಬ್ಬ ಅಜ್ಜಿ ಕುಳಿತಿದ್ದರು. ವಯಸ್ಸು ಎಪ್ಪತ್ತೈದು ದಾಟಿರಬೇಕು. ಕೈಯಲ್ಲಿ ಜಪಸರ, ಕಾಲ ಬಳಿ ತೆಂಗಿನಕಾಯಿಯ ಚೀಲ. ಮುಖದ ತುಂಬ ಸಿಡುಬಿನ ಕಲೆ. ಈಗಿನ ಹುಡುಗರು ಅಂಥ ಮುಖವನ್ನು ಕಂಡಿರುವುದು ಅಪರೂಪ. ನಮ್ಮ ಬಾಲ್ಯದಲ್ಲಿ ಬೀದಿಗೆ ಇಬ್ಬರಾದರೂ ಇರುತ್ತಿದ್ದರು. ಪಕ್ಕದಲ್ಲಿ ಮೊಮ್ಮಗಳು, ಬೆಂಗಳೂರಿನಲ್ಲಿ ದಾದಿಯರ ಶಿಕ್ಷಣದ ಎರಡನೆಯ ವರ್ಷದಲ್ಲಿದ್ದಾಳೆ. ಕೊರಳಲ್ಲಿ ಚಿಕ್ಕದೊಂದು ಶಿಲುಬೆ. ಬೇಲೂರಿನಲ್ಲಿರುವ ನೆಂಟರ ಮನೆಗೆ ಇಬ್ಬರೂ ಹೊರಟಿದ್ದರು. ಬಸ್ಸಿನ ವೇಳೆಯನ್ನು ವಿಚಾರಿಸುವ ನೆಪದಲ್ಲಿ ಆರಂಭವಾದ ಮಾತು ಜಾವಗಲ್ಲಿನ ದಾರಿ ಹಿಡಿಯುವಷ್ಟರಲ್ಲಿ ಅಜ್ಜಿಯ ಮುಖದ ಕಲೆಗೆ ಬಂದು ನಿಂತಿತು. ನಾನು ಕೇಳಲಿಲ್ಲ, ಅವರೇ ಹೇಳಿದರು.

“ನನಗಾಗ ಆರು ವರ್ಷ ಸ್ವಾಮಿ. ನನ್ನ ತಮ್ಮನಿಗೆ ನಾಲ್ಕು. ಊರಿಗೆ ದಾಕು ಹಾಕುವವರು ಬಂದಿದ್ದಾರೆಂದು ಸುದ್ದಿ ಬಂತು. ನಮ್ಮಪ್ಪ ನಮ್ಮಿಬ್ಬರನ್ನೂ ಅಟ್ಟಕ್ಕೆ ಹತ್ತಿಸಿ, ಏಣಿ ತೆಗೆದು, ಕೆಳಗೆ ಜಪ ಮಾಡುತ್ತಾ ಕುಳಿತರು. ರೋಗ ಕೊಡುವವನೂ ಸರ್ವೇಶ್ವರನೇ, ಕಾಯುವವನೂ ಸರ್ವೇಶ್ವರನೇ. ಅವನು ಕೊಟ್ಟ ಮೈಗೆ ಗಾಯ ಮಾಡುವುದಕ್ಕೆ ಇವರು ಯಾರು ಅಂತ ಅವರ ಮಾತು. ಅಟ್ಟದ ಮೇಲೆ ನನ್ನ ತಮ್ಮ ನಗುತ್ತಿದ್ದ, ಕಣ್ಣಾಮುಚ್ಚಾಲೆ ಎಂದುಕೊಂಡಿದ್ದ.”

ಮುಂದಿನದನ್ನು ಅವರು ಹೇಳಲಿಲ್ಲ. ಮುಖದ ಕಲೆಗಳೇ ಹೇಳುತ್ತಿದ್ದವು. ಮೂರು ತಿಂಗಳೊಳಗೆ ಊರಿಗೆ ಸಿಡುಬು ಬಂದಿತು. ಅಕ್ಕ ಉಳಿದಳು, ತಮ್ಮ ಉಳಿಯಲಿಲ್ಲ.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಬಳಿಕ ಮೊಮ್ಮಗಳು ಕೇಳಿದಳು: “ಸಾರ್, ಅಜ್ಜಿಯ ಈ ಕಥೆ ನನಗೆ ಚಿಕ್ಕಂದಿನಿಂದ ಗೊತ್ತು. ಈಗ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತಿದ್ದೇನೆ. ಔಷಧಿ ನಿಲ್ಲಿಸಿ ಪ್ರಾರ್ಥನೆಯೊಂದೇ ಸಾಕು ಅನ್ನುವವರು ರೋಗಿಯ ಮಂಚದ ಬಳಿಗೇ ಬರುತ್ತಾರೆ. ದೇವರು ಗೀವರು ಎಲ್ಲ ಬಾಗಿಲ ಹೊರಗೇ ಬಿಟ್ಟು ಬಾ ಅನ್ನುವವರು ನನ್ನ ಜೊತೆಯಲ್ಲೇ ಇದ್ದಾರೆ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೇನು?”

ಪ್ರಶ್ನೆ ಗೆಲಿಲಿಯೋನದಲ್ಲ, ಹತ್ತೊಂಬತ್ತು ವರ್ಷದ ಒಬ್ಬ ಹುಡುಗಿಯದು. ನಾಳೆ ಬೆಳಿಗ್ಗೆ ಆಕೆ ಒಬ್ಬರ ತೋಳಿಗೆ ಸೂಜಿ ಚುಚ್ಚಬೇಕು. ರಾತ್ರಿ ಮಲಗುವ ಮುನ್ನ ಪ್ರಾರ್ಥನೆ ಹೇಳಬೇಕು. ಹಾರಿಕೆಯ ಉತ್ತರ ಕೊಟ್ಟು ಜಾರಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಸಿಡುಬಿನ ಕಥೆಯನ್ನೇ ನನಗೆ ತಿಳಿದಷ್ಟು ಹೇಳಿದೆ.

ಅಜ್ಜಿಯ ತಂದೆ ಆಡಿದ ಮಾತು ಅವರೊಬ್ಬರದೇ ಅಲ್ಲ. 1722ರಲ್ಲಿ ಲಂಡನ್ನಿನಲ್ಲಿ ಎಡ್ಮಂಡ್ ಮ್ಯಾಸಿ ಎಂಬ ಪಾದ್ರಿ ಇದನ್ನೇ ಪ್ರಸಂಗಪೀಠದಿಂದ ಸಾರಿದ್ದನು. ಆಗಿನ್ನೂ ಇಂದಿನ ದಾಕು ಇರಲಿಲ್ಲ. ಸಿಡುಬಿನ ಕೀವನ್ನೇ ಆರೋಗ್ಯವಂತನ ಚರ್ಮಕ್ಕೆ ಸೇರಿಸಿ, ಹಗುರವಾಗಿ ರೋಗ ಬರಿಸಿ, ಮುಂದೆ ಬರಬಹುದಾದ ಭಾರಿ ರೋಗವನ್ನು ತಪ್ಪಿಸುವ ಪದ್ಧತಿಯಿದ್ದಿತು. ತುರ್ಕಿಯಲ್ಲಿ, ಆಫ್ರಿಕದಲ್ಲಿ, ನಮ್ಮ ಬಂಗಾಳದಲ್ಲಿ ಅದನ್ನು ಬಲ್ಲವರಿದ್ದರು. ರೋಗಗಳು ನಮ್ಮ ನಂಬಿಕೆಯ ಪರೀಕ್ಷೆಗೋ ಪಾಪದ ಶಿಕ್ಷೆಗೋ ದೇವರು ಕಳುಹಿಸುವಂಥವು, ಅವನ್ನು ತಡೆಯುವುದು ದೇವರ ಅಧಿಕಾರದಲ್ಲಿ ಕೈಹಾಕಿದಂತೆ ಎಂದು ಮ್ಯಾಸಿಯ ವಾದ. ಬೈಬಲಿನ ಯೋಬನಿಗೆ ಮೈಯೆಲ್ಲ ಹುಣ್ಣು ಬರಿಸಿದ ಸೈತಾನನೇ ಈ ವಿದ್ಯೆಯ ಮೂಲಪುರುಷನಿರಬೇಕೆಂದು ಸಹ ಅವನು ಹೇಳಿದನು.

“ಹಾಗಾದರೆ ಪಾದ್ರಿಗಳೇ ಅಡ್ಡಬಂದರು ಅನ್ನಿ” ಎಂದಳು ಹುಡುಗಿ.

ಇರು ಮಗಳೇ, ಕಥೆ ಅಷ್ಟು ಸುಲಭವಲ್ಲ ಎಂದೆ. ಅದಕ್ಕೆ ಒಂದು ವರ್ಷ ಮೊದಲು, 1721ರಲ್ಲಿ, ಅಮೆರಿಕದ ಬಾಸ್ಟನ್ ನಗರಕ್ಕೆ ಸಿಡುಬು ನುಗ್ಗಿತ್ತು. ಚುಚ್ಚಿಸಿಕೊಳ್ಳಿರೆಂದು ಊರಿಗೆ ಉಪದೇಶಿಸಿದವನು ವೈದ್ಯನಲ್ಲ, ಕಾಟನ್ ಮೇದರ್ ಎಂಬ ಪಾದ್ರಿ. ಆ ವಿದ್ಯೆಯನ್ನು ಅವನು ಕಲಿತದ್ದು ತನ್ನ ಮನೆಯಲ್ಲಿ ಗುಲಾಮನಾಗಿದ್ದ ಒನೆಸಿಮಸ್ ಎಂಬ ಆಫ್ರಿಕದವನಿಂದ. ಉಗ್ರವಾಗಿ ವಿರೋಧಿಸಿದವನಾದರೋ ವಿಲಿಯಂ ಡಗ್ಲಸ್, ಪದವಿ ಪಡೆದ ವೈದ್ಯ! ಜಬ್ದಿಯಲ್ ಬಾಯ್ಲ್‌ಸ್ಟನ್ ಎಂಬ ವೈದ್ಯನೊಬ್ಬ ಮಾತ್ರ ಮೇದರನ ಮಾತಿಗೆ ಓಗೊಟ್ಟು, ಮೊದಲು ತನ್ನ ಮಗನಿಗೇ ಚುಚ್ಚಿದನು. ಆ ವರ್ಷ ಚುಚ್ಚಿಸಿಕೊಂಡ ಸುಮಾರು 240 ಮಂದಿಯಲ್ಲಿ 6 ಮಂದಿ ತೀರಿಕೊಂಡರು. ತಾನಾಗಿ ರೋಗ ತಗುಲಿದವರಲ್ಲಿ ಏಳು ಮಂದಿಗೆ ಒಬ್ಬನಂತೆ ಸತ್ತರು. ಲೆಕ್ಕ ಕಣ್ಣೆದುರಿಗಿದ್ದರೂ ಊರಿನ ಕೋಪ ಇಳಿಯಲಿಲ್ಲ. ಮೇದರನ ಮನೆಯ ಕಿಟಕಿಯೊಳಗೆ ಬತ್ತಿ ಹೊತ್ತಿಸಿದ ಸಿಡಿಗುಂಡನ್ನು ಎಸೆದರು. ಪುಣ್ಯಕ್ಕೆ ಅದು ಸಿಡಿಯಲಿಲ್ಲ. ಇದೇ ಮೇದರ್ ತನ್ನ ಯೌವನದಲ್ಲಿ ಮಾಟಗಾತಿಯರ ವಿಚಾರಣೆಯನ್ನು ಸಮರ್ಥಿಸಿ ಪುಸ್ತಕ ಬರೆದಿದ್ದವನೆಂಬುದನ್ನೂ ಮರೆಯಬಾರದು. ಒಂದೇ ತಲೆಯಲ್ಲಿ ಎರಡು ಕಾಲಗಳು ವಾಸವಾಗಿರುವುದುಂಟು.

ಅಷ್ಟರಲ್ಲಿ ಹಳೇಬೀಡು ಬಂದಿತು. ಹುಡುಗಿ ದೇವಾಲಯವನ್ನು ಕಂಡಿರಲಿಲ್ಲ. ಬೇಲೂರು ಅಲ್ಲಿಂದ ಹದಿನಾರು ಕಿಲೋಮೀಟರು. ಮುಂದಿನ ಬಸ್ಸಿಗೆ ಹೋದರಾಯಿತೆಂದು ಮೂವರೂ ಇಳಿದೆವು. ಹೊಯ್ಸಳೇಶ್ವರನನ್ನು ನೋಡಿ, ಅಲ್ಲಿಂದ ಬಸದಿಗಳ ಕಡೆಗೆ ನಡೆದೆವು. ಪಾರ್ಶ್ವನಾಥ ಬಸದಿಯ ಕಡೆದ ಕಂಬಗಳ ನುಣುಪಿನಲ್ಲಿ ನಮ್ಮ ಮುಖವೇ ಕಾಣಿಸುತ್ತದೆ. ಅಜ್ಜಿ ಕಂಬದೊಳಗೆ ತಮ್ಮ ಮುಖವನ್ನು ನೋಡಿಕೊಂಡು, “ಇದರಲ್ಲಿ ಕಲೆ ಕಾಣುವುದಿಲ್ಲ” ಎಂದು ನಕ್ಕರು. ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ಉಳಿದ ಕಥೆಯನ್ನು ಅಲ್ಲಿ ಹೇಳಿದೆ. ಅದು ಬಾಸ್ಟನ್ನಿನದಲ್ಲ, ಇದೇ ಹಾಸನದ ಸೀಮೆಯದು.

ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯ, ಅವನೂ ಒಬ್ಬ ಪಾದ್ರಿಯ ಮಗ, 1796ರ ಮೇ 14ರಂದು ಎಂಟು ವರ್ಷದ ಹುಡುಗನೊಬ್ಬನ ತೋಳಿಗೆ ಹಸುವಿನ ಸಿಡುಬಿನ ರಸವನ್ನು ಸೇರಿಸಿದನು. ಹಸುವಿನ ಸಿಡುಬು ಹಗುರವಾದದ್ದು. ಅದು ಬಂದುಹೋದವನಿಗೆ ಮನುಷ್ಯರ ಸಿಡುಬು ತಗುಲುವುದಿಲ್ಲವೆಂಬುದು ಹಾಲು ಕರೆಯುವವರ ಅನುಭವ. ಆ ಅನುಭವವನ್ನು ಜೆನ್ನರ್ ಪರೀಕ್ಷಿಸಿ ನೋಡಿ, 1798ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ನಾಲ್ಕೇ ವರ್ಷಗಳಲ್ಲಿ ಆ ರಸ ವಿಯೆನ್ನ, ಇಸ್ತಾಂಬುಲ್, ಬಾಗ್ದಾದ್, ಬಸ್ರಾಗಳನ್ನು ದಾಟಿ ಮುಂಬಯಿಗೆ ಬಂದಿಳಿಯಿತು. 1802ರ ಜೂನ್ 14ರಂದು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದ ದಾಕು ಭಾರತದ ಮೊದಲನೆಯದು.

ಬಂದಿತೆಂದರೆ ಹೇಗೆ ಬಂದಿತು? ಆಗ ಮಂಜುಗಡ್ಡೆಯ ಪೆಟ್ಟಿಗೆಯಿಲ್ಲ, ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟರೆ ಬಿಸಿಲಿಗೆ ಕೆಡುತ್ತದೆ. ಮನುಷ್ಯರ ತೋಳೇ ಅದಕ್ಕೆ ಪಾತ್ರೆ. ಒಂದು ಮಗುವಿಗೆ ಹಾಕಿದ ದಾಕು ಎಂಟನೆಯ ದಿನಕ್ಕೆ ಬೊಕ್ಕೆಯಾಗಿ ಬಲಿಯುತ್ತದೆ. ಅದರ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಹೀಗೆ ತೋಳಿನಿಂದ ತೋಳಿಗೆ ಊರಿಂದೂರಿಗೆ ದೀಪದಿಂದ ದೀಪ ಹೊತ್ತಿಸುವಂತೆ ಸಾಗಬೇಕು. ಈ ದೇಶದಲ್ಲಿ ಅದೆಷ್ಟು ಕಷ್ಟವೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಯಾವ ಜಾತಿಯ ಮಗುವಿನ ರಸ ಯಾವ ಜಾತಿಯ ಮಗುವಿಗೆ? ಎಂಟನೆಯ ದಿನ ಮಗುವನ್ನು ಮತ್ತೆ ಕರೆತರುವ ತಾಯಿ ಯಾರು? ಸಿಡುಬು ನಮ್ಮವರಿಗೆ ಬರಿಯ ರೋಗವೂ ಅಲ್ಲ, ಅಮ್ಮ. ಮನೆಗೆ ಬಂದ ಅಮ್ಮನನ್ನು ಬೇವಿನ ಸೊಪ್ಪು ಹಾಸಿ, ಮೊಸರನ್ನದ ಎಡೆಯಿಟ್ಟು ಸಮಾಧಾನಪಡಿಸಬೇಕೇ ಹೊರತು, ಬಾಗಿಲಲ್ಲೇ ತಡೆದು ನಿಲ್ಲಿಸುವುದುಂಟೆ?

ಈ ಕಷ್ಟದ ನಡುವೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ದಾಕಿನ ಕೆಲಸಕ್ಕೆ ನಿಂತವರಲ್ಲಿ ಒಬ್ಬನು ಪಾದ್ರಿ. ಫ್ರಾನ್ಸಿನಿಂದ 1792ರಲ್ಲಿ ಬಂದ ಆಬೆ ದ್ಯುಬುವಾ. ಟಿಪ್ಪುವಿನ ಪತನಾನಂತರ ಶ್ರೀರಂಗಪಟ್ಟಣಕ್ಕೆ ಬಂದ ಈತನು ನಮ್ಮವರಂತೆಯೇ ಬಿಳಿಯ ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಬಿದಿರಿನ ಕೋಲು ಹಿಡಿದು ಹಳ್ಳಿಹಳ್ಳಿ ತಿರುಗಿದನು. ಜನ ಇವನನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಕ್ರೈಸ್ತ ಒಕ್ಕಲುಮಕ್ಕಳ ನೆಲೆಯನ್ನು ಬೆಳೆಸಿದವನು ಈತನೇ. 1803ರ ಸೆಪ್ಟೆಂಬರಿನಿಂದ 1804ರ ಏಪ್ರಿಲ್‌ವರೆಗಿನ ಎಂಟು ತಿಂಗಳಲ್ಲಿ ಇವನ ಮೇಲ್ವಿಚಾರಣೆಯಲ್ಲಿ ದಾಕು ಹಾಕಿಸಿಕೊಂಡು ದಫ್ತರಿನಲ್ಲಿ ದಾಖಲಾದವರ ಸಂಖ್ಯೆ 25,432. ಜೆನ್ನರನ ಪುಸ್ತಕ ಹೊರಬಂದು ಆಗಿನ್ನೂ ಆರು ವರ್ಷ ತುಂಬಿರಲಿಲ್ಲ!

“ಈ ಹೆಸರು ನಮ್ಮ ಪಠ್ಯದಲ್ಲಿಲ್ಲ” ಎಂದಳು ಹುಡುಗಿ. ಸ್ವಲ್ಪ ತಡೆದು, “ಕಳೆದ ವರ್ಷ ಗೆಳತಿಯರೊಡನೆ ಶೆಟ್ಟಿಹಳ್ಳಿಗೆ ಹೋಗಿದ್ದೆ. ಹೇಮಾವತಿಯ ಹಿನ್ನೀರಿನಲ್ಲಿ ಮುಳುಗುವ ಆ ಹಳೆಯ ಚರ್ಚಿನ ಮುಂದೆ ಫೋಟೋ ತೆಗೆಸಿಕೊಂಡೆವು” ಎಂದಳು. ಅದನ್ನೂ ಕಟ್ಟಿದವರು ಫ್ರೆಂಚ್ ಪಾದ್ರಿಗಳೇ, ದ್ಯುಬುವಾ ಹೋದ ಎಷ್ಟೋ ವರ್ಷಗಳ ಮೇಲೆ, 1860ರ ದಶಕದಲ್ಲಿ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಬಳಿಕ ಅದು ನೀರಿನ ಪಾಲಾಯಿತು. ಮುಳುಗಿದ ಗೋಡೆಗೆ ನೋಡಲು ಬರುವ ಮಂದಿಯುಂಟು; ಉಳಿದ ತೋಳುಗಳಿಗೆ ಸ್ಮಾರಕವಿಲ್ಲ.

ಆ ಕಾಲದಲ್ಲಿ ಜನರನ್ನು ಒಪ್ಪಿಸಲು ಹೂಡಿದ ಉಪಾಯಗಳು ಒಂದೆರಡಲ್ಲ. ಮದರಾಸಿನಲ್ಲಿ ಎಲ್ಲಿಸ್ ಎಂಬ ಸಂಸ್ಕೃತ ಬಲ್ಲ ಅಧಿಕಾರಿ, ಗೋವಿನಿಂದ ಬರುವ ಈ ಔಷಧ ಪುರಾತನವಾದುದೆಂದು ತಾನೇ ಸಂಸ್ಕೃತದಲ್ಲಿ ಪದ್ಯ ರಚಿಸಿ, ಹಳೆಯ ಕಾಗದದ ಮೇಲೆ ಬರೆಯಿಸಿ, ಎಲ್ಲಿಯೋ ದೊರೆತ ಗ್ರಂಥವೆಂದು ಹಬ್ಬಿಸಿದನೆಂಬ ಉಲ್ಲೇಖ ಅಂದಿನವರ ಬರಹಗಳಲ್ಲಿದೆ. ಮೈಸೂರಿನ ಅರಮನೆಯಲ್ಲಿ 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೂವರು ರಾಣಿವಾಸದವರ ಚಿತ್ರವೊಂದುಂಟು. ಅದರಲ್ಲಿ ಒಬ್ಬಾಕೆ ಸೆರಗನ್ನು ಸರಿಸಿ ತೋಳಿನತ್ತ ಬೆರಳು ತೋರುವಂತಿದೆ. ದಾಕಿನ ಪ್ರಚಾರಕ್ಕಾಗಿಯೇ ಆ ಚಿತ್ರ ಹುಟ್ಟಿರಬೇಕೆಂದು ಕೆಲವು ಇತಿಹಾಸಕಾರರ ಊಹೆ. ದ್ಯುಬುವಾನ ಚಿತ್ರವನ್ನು ಬರೆದವನೂ ಅದೇ ಹಿಕಿ.

ಎರಡು ಉಪಾಯಗಳಿಗೂ ಎಷ್ಟು ಅಂತರ, ನೋಡಿ! ಒಬ್ಬರು ಜನರ ನಂಬಿಕೆಯನ್ನು ಸುಳ್ಳುಗ್ರಂಥದಿಂದ ವಂಚಿಸಿ ಒಳ್ಳೆಯದು ಮಾಡಹೊರಟರು. ಇನ್ನೊಬ್ಬರು ತಮ್ಮ ತೋಳನ್ನೇ ಸಾಕ್ಷಿಯಾಗಿ ತೋರಿಸಿದರು. ಉದ್ದೇಶ ಒಂದೇ ಆದರೂ ಎರಡನೆಯದೇ ನನಗೆ ಮೇಲೆನಿಸುತ್ತದೆ. ಸುಳ್ಳಿನ ಮೇಲೆ ನಿಲ್ಲಿಸಿದ ವಿಜ್ಞಾನ, ಸುಳ್ಳು ಬಯಲಾದ ದಿನ ಬೀಳುತ್ತದೆ. ನಮ್ಮ ಜನರಾದರೋ ಯಾರ ಉಪಾಯಕ್ಕೂ ಕಾಯದೆ ತಮ್ಮದೇ ಒಂದು ದಾರಿಯನ್ನು ಕಂಡುಕೊಂಡರು. ನಾಡಿನ ಎಷ್ಟೋ ಕಡೆ ದಾಕು ಹಾಕುವುದಕ್ಕೆ ‘ದೇವಿ ಹಾಕುವುದು’ ಎಂದೇ ಹೆಸರು. ತಡೆಯುವ ಮದ್ದಿಗೂ ಬರುವ ರೋಗದ ಹೆಸರನ್ನೇ ಇಟ್ಟು, ದೇವಿಯನ್ನು ಹೊರಗಟ್ಟದೆ ತೋಳಿನ ಮೇಲೆ ಚಿಕ್ಕದಾಗಿ ಬರಮಾಡಿಕೊಂಡರು. ಪಂಡಿತರು ಹೊಡೆದಾಡುತ್ತಿದ್ದ ವಿಷಯವನ್ನು ಭಾಷೆ ಸದ್ದಿಲ್ಲದೆ ಇತ್ಯರ್ಥಮಾಡಿತು.

“ದೊಡ್ಡಸ್ವಾಮಿಗಳ ಮಾತಿನಿಂದ ಬಹಳ ಜನ ಕ್ರೈಸ್ತರಾದರೋ?” ಎಂದು ಅಜ್ಜಿ ಕೇಳಿದರು.

ಅಲ್ಲಿಯೇ ಇದೆ ವಿಚಿತ್ರ. ಮೂವತ್ತೊಂದು ವರ್ಷ ದುಡಿದು 1823ರಲ್ಲಿ ದೇಶ ಬಿಟ್ಟು ಹೋದ ದ್ಯುಬುವಾ, ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ತನ್ನ ಪತ್ರಗಳ ಪುಸ್ತಕದಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತೆಂದು ಸಾರಿಬಿಟ್ಟನು. ಅನ್ಯ ಪಾದ್ರಿಗಳು ಕೆರಳಿ ಉತ್ತರ ಬರೆದರು. ಯಾವ ಕೆಲಸಕ್ಕಾಗಿ ಬಂದನೋ ಅದರಲ್ಲಿ ಸೋತೆನೆಂದು ತಾನೇ ಬರೆದವನು, ಬಂದ ಕೆಲಸವಲ್ಲದ ಕೆಲಸದಲ್ಲಿ ಸಾವಿರಾರು ಮಕ್ಕಳ ಕಣ್ಣನ್ನೂ ಪ್ರಾಣವನ್ನೂ ಉಳಿಸಿಹೋದನು. ಹಾಗೆಂದು ಅವನನ್ನು ದೇವರ ಪಟದ ಪಕ್ಕದಲ್ಲಿ ತೂಗುಹಾಕಬೇಕಿಲ್ಲ. ಅವನು ಕಂಪನಿಯ ಸರಕಾರದಿಂದ ವಿಶ್ರಾಂತಿವೇತನ ಪಡೆದವನು. ಹಿಂದೂಗಳ ಆಚಾರವ್ಯವಹಾರಗಳ ಬಗೆಗೆ ಅವನ ಹೆಸರಿನಲ್ಲಿ ಪ್ರಸಿದ್ಧವಾದ ದೊಡ್ಡ ಗ್ರಂಥದ ಬಹುಭಾಗಕ್ಕೆ ಅವನಿಗಿಂತ ಹಿಂದಿನ ಕೂರ್ದು ಎಂಬ ಜೆಸ್ವಿಟ್ ಪಾದ್ರಿಯ ಬರಹವೇ ಮೂಲವೆಂದು ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ 20ನೆಯ ಶತಮಾನದಲ್ಲಿ ಹಸ್ತಪ್ರತಿಗಳನ್ನು ಹೋಲಿಸಿ ತೋರಿಸಿದ್ದಾರೆ. ಪುಸ್ತಕದ ಕೀರ್ತಿ ಅಷ್ಟರಮಟ್ಟಿಗೆ ಕರಗಿತು. ದಫ್ತರಿನ ಆ 25,432 ಮಾತ್ರ ಕರಗಲಿಲ್ಲ.

ಬೇಲೂರನ್ನು ತಲಪಿದಾಗ ಬಿಸಿಲು ಇಳಿದಿತ್ತು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನನ್ನು ಕಂಡು, ಪಕ್ಕದಲ್ಲಿ ಶಾಂತಲೆ ಕಟ್ಟಿಸಿದ ಚಿಕ್ಕ ಗುಡಿಗೆ ಬಂದೆವು. ಅಲ್ಲಿರುವವನು ಕಪ್ಪೆ ಚೆನ್ನಿಗರಾಯ. ಆ ಹೆಸರಿನ ಕಥೆ ವಾಚಕರಿಗೆ ಹೊಸದಲ್ಲ. ಜಕಣಾಚಾರಿ ಕಡೆದ ಮೂರ್ತಿಯಲ್ಲಿ ದೋಷವಿದೆಯೆಂದು ಎಲ್ಲಿಂದಲೋ ಬಂದ ಹುಡುಗನೊಬ್ಬ ಹೇಳಿದನು. ದೋಷವಿದ್ದರೆ ಬಲಗೈಯನ್ನು ಕತ್ತರಿಸಿಕೊಳ್ಳುವೆನೆಂದು ಜಕಣಾಚಾರಿ ಪಂತ ಕಟ್ಟಿದನು. ಹುಡುಗ ವಾದಕ್ಕೆ ಇಳಿಯಲಿಲ್ಲ. ಮೂರ್ತಿಗೆಲ್ಲ ಗಂಧ ಬಳಿಯಿರೆಂದನು. ಎಲ್ಲ ಕಡೆಯೂ ಗಂಧ ಒಣಗಿತು, ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿಯಿಟ್ಟು ನೋಡಿದರೆ ಕಲ್ಲಿನೊಳಗಿನಿಂದ ನೀರು, ಮರಳು, ಒಂದು ಕಪ್ಪೆ! ಹುಡುಗ ಬೇರಾರೂ ಅಲ್ಲ, ತನ್ನ ಮಗನೇ ಎಂಬುದು ಆಮೇಲೆ ತಿಳಿಯಿತು. ಜಕಣಾಚಾರಿ ಐತಿಹಾಸಿಕ ವ್ಯಕ್ತಿಯಲ್ಲವೆಂದು ಸಂಶೋಧಕರು ಹೇಳುತ್ತಾರೆ. ಆಗಲಿ, ಕಥೆಯನ್ನು ಕಟ್ಟಿದ ಜನರಂತೂ ಇದ್ದರಲ್ಲವೇ?

ಆ ಜನರ ಬುದ್ಧಿಯನ್ನು ನೋಡು ಎಂದೆ ಹುಡುಗಿಗೆ. ದೇವರ ಮೂರ್ತಿಗೇ ಪರೀಕ್ಷೆ. ಪರೀಕ್ಷೆ ಮಾಡಿದ್ದು ಸುತ್ತಿಗೆಯಿಂದಲ್ಲ, ಪೂಜೆಯ ಗಂಧದಿಂದ. ದೋಷ ಹೊರಬಿದ್ದಾಗ ಹುಡುಗನನ್ನು ಕಲ್ಲು ಹೊಡೆದು ಓಡಿಸಲಿಲ್ಲ. ಕಪ್ಪೆಯನ್ನು ಮರಳಿ ಮುಚ್ಚಿಡಲೂ ಇಲ್ಲ. ಮೂರ್ತಿಯನ್ನು ಹೊರಗೆಸೆಯಲಿಲ್ಲ. ದೋಷವನ್ನು ದೇವರ ಹೆಸರಿಗೇ ಸೇರಿಸಿ, ಕಪ್ಪೆ ಚೆನ್ನಿಗರಾಯನೆಂದು ಕರೆದು, ಕೈಮುಗಿದರು. ಗಂಧವನ್ನು ತಾಳಿಕೊಂಡ ನಂಬಿಕೆ ಇದು.

ನನ್ನ ಉತ್ತರ ಇಷ್ಟೆ. ಧರ್ಮ ಮನುಷ್ಯನಿಗೆ ಏಕೆ ಬದುಕಬೇಕು, ಇನ್ನೊಬ್ಬರ ಮಗುವನ್ನು ಏಕೆ ನನ್ನದೆಂದು ತಿಳಿಯಬೇಕು ಎಂದು ಕಲಿಸುವಾಗ ವಿಜ್ಞಾನ ಅಡ್ಡಬರಬೇಕಿಲ್ಲ. ಧರ್ಮದ ಹೆಸರಿನಲ್ಲಿ ಯಾರಾದರೂ ಈ ರೋಗ ಹೀಗೆ ಬರುತ್ತದೆ, ಈ ಮದ್ದು ಕೆಲಸ ಮಾಡುವುದಿಲ್ಲ ಎಂದು ಹೇಳಿದ ಕ್ಷಣವೇ ಅದು ಗಂಧ ಬಳಿಯಬಹುದಾದ ಮಾತಾಗುತ್ತದೆ. ಆಗ ಬಳಿಯಲೇಬೇಕು, ಒಣಗದ ಕಡೆ ಉಳಿ ಇಡಲೇಬೇಕು. ಮ್ಯಾಸಿಯ ತಪ್ಪು ದೇವರನ್ನು ನಂಬಿದ್ದಲ್ಲ. ತನ್ನ ಊಹೆಯನ್ನು ದೇವರ ಮಾತೆಂದು ನಂಬಿದ್ದು. ವಿಜ್ಞಾನವೂ ಗಂಧಕ್ಕೆ ಹೊರತಲ್ಲ. ಧರ್ಮಶಾಸ್ತ್ರಜ್ಞನಾದ ಜೊನಾಥನ್ ಎಡ್ವರ್ಡ್ಸ್ ಹೊಸ ವಿದ್ಯೆಯನ್ನು ನಂಬಿ ಸಿಡುಬಿನ ಕೀವನ್ನು ಚುಚ್ಚಿಸಿಕೊಂಡು, ಅದರಿಂದಲೇ 1758ರಲ್ಲಿ ಸತ್ತನು. ಒಮ್ಮೆ ದಾಕು ಹಾಕಿದರೆ ಜನ್ಮಕ್ಕೆಲ್ಲ ಸಾಕೆಂದು ಜೆನ್ನರ್ ಭಾವಿಸಿದ್ದನು. ಸಾಲದೆಂದು ಕಾಲ ತೋರಿಸಿತು. ತೋಳಿನಿಂದ ತೋಳಿಗೆ ಹಾಕುವಾಗ ಬೇರೆ ರೋಗಗಳೂ ದಾಟಿಹೋದವು. ಆದ್ದರಿಂದ ಆ ಪದ್ಧತಿಯನ್ನು ಇಂಗ್ಲೆಂಡು 1898ರಲ್ಲಿ ನಿಲ್ಲಿಸಿ, ಕರುವಿನಿಂದ ರಸ ತೆಗೆಯುವ ಕ್ರಮಕ್ಕೆ ತಿರುಗಿತು. ತನ್ನ ಕಪ್ಪೆಯನ್ನು ತಾನೇ ಹುಡುಕಿ ಹೊರತೆಗೆಯುವುದರಲ್ಲಿ ವಿಜ್ಞಾನದ ಮಾನವಿದೆ. ಭಾರತದಲ್ಲಿ ಸಿಡುಬು ಕಾಣಿಸಿಕೊಂಡದ್ದು 1975ರ ಮೇ ತಿಂಗಳಿಗೆ ಕೊನೆ. 1980ರ ಮೇ 8ರಂದು ಜಗತ್ತೆಲ್ಲ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಸಾರಿತು. ಮನುಷ್ಯರ ರೋಗವೊಂದನ್ನು ಬೇರುಸಹಿತ ಕಿತ್ತದ್ದು ಅದೇ ಮೊದಲು.

ಹುಡುಗಿ ಸುಮ್ಮನಿದ್ದಳು. ನನ್ನ ಉಪನ್ಯಾಸ ಉದ್ದವಾಯಿತೆಂದುಕೊಂಡೆ. ಆಗ ಅಜ್ಜಿ ಬೆಳಿಗ್ಗೆ ಅರ್ಧಕ್ಕೆ ನಿಲ್ಲಿಸಿದ್ದ ತಮ್ಮ ಕಥೆಯನ್ನು ಮುಂದುವರಿಸಿದರು.

“ತಮ್ಮನನ್ನು ಮಣ್ಣುಮಾಡಿ ಬಂದ ದಿನ ಊರವರೆಲ್ಲ ಮನೆಗೆ ಬಂದರು ಸ್ವಾಮಿ. ಸರ್ವೇಶ್ವರನ ಚಿತ್ತ, ಏನು ಮಾಡುವುದಕ್ಕಾಗುತ್ತದೆ ಅಂತ ನಮ್ಮಪ್ಪನಿಗೆ ಸಮಾಧಾನ ಹೇಳಿದರು. ಅಪ್ಪ ತಲೆ ಎತ್ತಿ, ‘ದೇವರ ಮೇಲೆ ಹೊರಿಸಬೇಡಿ. ಏಣಿ ತೆಗೆದವನು ನಾನು’ ಅಂದರು. ಅವತ್ತಿನಿಂದ ಸಾಯುವವರೆಗೂ ಒಂದು ಭಾನುವಾರ ಪೂಜೆ ತಪ್ಪಿಸಲಿಲ್ಲ. ಆದರೆ ದಾಕು ಹಾಕುವವರು ಊರಿಗೆ ಬಂದರೆ ಸಾಕು, ಅವರ ಪೆಟ್ಟಿಗೆ ತಾವೇ ಹೊತ್ತುಕೊಂಡು ಮನೆಮನೆಗೂ ಹೋಗುತ್ತಿದ್ದರು. ಒಪ್ಪದ ಮನೆಯಲ್ಲಿ ಏನೂ ಹೇಳುತ್ತಿರಲಿಲ್ಲ. ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿ, ಬಾಗಿಲಲ್ಲಿ ನಿಲ್ಲಿಸುತ್ತಿದ್ದರು.”

“ನಿಮಗೆ ಬೇಸರವಾಗುತ್ತಿರಲಿಲ್ಲವೇ ಅಜ್ಜಿ?” ಎಂದು ಕೇಳಿದೆ.

“ಚಿಕ್ಕವಳಾಗಿದ್ದಾಗ ಆಗುತ್ತಿತ್ತು. ಮದುವೆಯ ವಯಸ್ಸಿನಲ್ಲಂತೂ ಅಳುತ್ತಿದ್ದೆ. ಈಗ ಇಲ್ಲ. ನನ್ನ ಮುಖ ನೋಡಿ ಎಷ್ಟು ಮನೆಯವರು ಮಕ್ಕಳನ್ನು ಹೊರಗೆ ಕರೆತಂದರೋ ಲೆಕ್ಕವಿಲ್ಲ” ಎಂದರು.

ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅರಮನೆಯ ಚಿತ್ರದಲ್ಲಿ ತೋರಿಸಿದ ತೋಳು ನನ್ನ ನೆನಪಿಗೆ ಬಂದಿತು. ಹೊರಗೆ ಸಂಜೆಯ ಬಸ್ಸಿನವನು ಹಾರನ್ ಹೊಡೆಯುತ್ತಿದ್ದನು. ಮೊಮ್ಮಗಳು ತೆಂಗಿನಕಾಯಿಯ ಚೀಲವನ್ನು ಎತ್ತಿಕೊಂಡು ನನಗೆ ನಮಸ್ಕರಿಸಿದಳು. “ಅಜ್ಜಿ ಕಥೆಯ ಈ ಭಾಗವನ್ನು ನನಗೆ ಇದುವರೆಗೂ ಹೇಳಿರಲಿಲ್ಲ ಸಾರ್. ನನಗೆ ಉತ್ತರ ಸಿಕ್ಕಿತು” ಎಂದಳು.

ನನ್ನ ಉತ್ತರವೋ ಮುತ್ತಜ್ಜನದೋ ಎಂದು ನಾನು ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಇರಲಿಲ್ಲ.